ಹಳಿಗೆ ಬಿಡುವೇ ಇಲ್ಲ: ನಗರ ಸಾರಿಗೆಯ ಕಾಮಗಾರಿ ಯಾಕೆ ಇಷ್ಟು ತಡ?

ನಿಲ್ದಾಣದ ಗೋಡೆಗೆ ಒಂದು ಪ್ರಕಟಣೆ ಬೀಳುತ್ತದೆ. ಕಾಮಗಾರಿ ನಿಮಿತ್ತ ಇಂತಿಂಥ ದಿನ ಈ ಮಾರ್ಗದಲ್ಲಿ ರೈಲು ಓಡುವುದಿಲ್ಲ, ಬದಲಿ ಬಸ್ ಇರುತ್ತದೆ, ದಯವಿಟ್ಟು ಸಹಕರಿಸಿ. ಕೆಲವು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಚೀಟಿ: ದಿನಾಂಕ ಮುಂದಕ್ಕೆ ಹೋಗಿದೆ. ಆಗ ಜನ ಕೇಳುವ ಪ್ರಶ್ನೆಗಳು ಎಲ್ಲ ಊರಲ್ಲೂ ಹೆಚ್ಚುಕಮ್ಮಿ ಒಂದೇ. ರಾತ್ರಿ ಹೊತ್ತು ಮಾಡಿ ಮುಗಿಸಬಾರದಾ? ಜನ ಜಾಸ್ತಿ ಹಾಕಿದರೆ ಬೇಗ ಆಗಲ್ವಾ? ಹೊಸ ಹಳಿ ಹಾಕಿದ ಮೇಲೂ ರೈಲು ಯಾಕೆ ತೆವಳುತ್ತದೆ?

ಈ ಪ್ರಶ್ನೆಗಳ ಉತ್ತರದಲ್ಲಿ ಬಹುಪಾಲು ಒಂದೇ ಕಡೆ ಸಿಗುತ್ತದೆ. ಈಗಾಗಲೇ ಓಡುತ್ತಿರುವ ಸಾರಿಗೆಯನ್ನು ಸುಧಾರಿಸುವಾಗ ಎಲ್ಲಕ್ಕಿಂತ ಹೆಚ್ಚು ಅಭಾವ ಇರುವುದು ಹಳಿ ಖಾಲಿ ಸಿಗುವ ಹೊತ್ತಿನದ್ದು. ದುಡ್ಡು ಹೊಂದಿಸಬಹುದು, ಕೆಲಸಗಾರರನ್ನು ಕರೆಸಬಹುದು, ಆ ಹೊತ್ತನ್ನು ಮಾತ್ರ ಪ್ರಯಾಣಿಕರಿಂದಲೇ ಪಡೆಯಬೇಕು.

## ಸುಧಾರಣೆ ಅಂದರೆ ಏನೇನು?

ಹೊಸ ಮಾರ್ಗ ಕಟ್ಟುವುದು ಬೇರೆ, ಇರುವ ಮಾರ್ಗವನ್ನು ಮೇಲ್ದರ್ಜೆಗೆ ಏರಿಸುವುದು ಬೇರೆ. ಹೊಸದಾದರೆ ಬೇಲಿ ಹಾಕಿಕೊಂಡು ಹಗಲು ರಾತ್ರಿ ಕೆಲಸ ಮಾಡಬಹುದು. ಎರಡನೆಯದರಲ್ಲಿ ಹಳಿ, ಸಿಗ್ನಲ್, ವಿದ್ಯುತ್ ಕೇಬಲ್, ರೈಲು ಬೋಗಿ, ಪ್ಲಾಟ್‌ಫಾರ್ಮ್, ಲಿಫ್ಟು, ಬಸ್ ಡಿಪೋ ಹೀಗೆ ಯಾವುದನ್ನು ಮುಟ್ಟಿದರೂ ಅದು ಆಗಲೇ ಯಾರದೋ ಬಳಕೆಯಲ್ಲಿರುತ್ತದೆ.

ದಿನವೂ ಅಡುಗೆ ನಡೆಯುವ ಅಡುಗೆಮನೆಯ ನೆಲವನ್ನೇ ಬದಲಿಸಬೇಕು ಅಂದುಕೊಳ್ಳಿ. ಮನೆ ಬಿಟ್ಟು ಹೋಗುವಂತಿಲ್ಲ. ರಾತ್ರಿ ಎಲ್ಲರದ್ದೂ ಊಟವಾದ ಮೇಲೆ ಸ್ಟೌವು, ಪಾತ್ರೆ, ಡಬ್ಬ ಎಲ್ಲ ಹೊರಗೆ ಸಾಗಿಸಿ, ಎರಡು ಟೈಲ್ಸ್ ಕಿತ್ತು, ಎರಡು ಕೂರಿಸಿ, ಗುಡಿಸಿ ಒರೆಸಿ, ಬೆಳಗಾಗುವುದರೊಳಗೆ ಎಲ್ಲವನ್ನೂ ವಾಪಸ್ ಜೋಡಿಸಬೇಕು. ಸಾಮಾನು ಹೊರಗಿಟ್ಟು ಒಳಗಿಡುವುದರಲ್ಲೇ ಅರ್ಧ ರಾತ್ರಿ ಮುಗಿದಿರುತ್ತದೆ.

## ರಾತ್ರಿಯ ನಾಲ್ಕು ಗಂಟೆಯಲ್ಲಿ ಆಗುವುದೇನು

ಲೆಕ್ಕಕ್ಕೆ, ಕೊನೆಯ ರೈಲು ಒಂದು ಗಂಟೆಗೆ ಹೋಯಿತು, ಮೊದಲ ರೈಲು ಐದಕ್ಕೆ ಹೊರಡಬೇಕು ಅಂತಿಟ್ಟುಕೊಳ್ಳಿ. ನಾಲ್ಕು ಗಂಟೆ ಸಿಕ್ಕಿತಲ್ಲ ಅನಿಸುತ್ತದೆ. ಆದರೆ ಕೊನೆಯ ರೈಲು ಹೋದ ತಕ್ಷಣ ಯಾರೂ ಹಳಿಗೆ ಇಳಿಯುವಂತಿಲ್ಲ. ರೈಲುಗಳೆಲ್ಲ ಡಿಪೋ ಸೇರಿದವು ಅಂತ ನಿಯಂತ್ರಣ ಕೊಠಡಿಯಿಂದ ಖಾತ್ರಿಯಾಗಬೇಕು. ಆಮೇಲೆ ಕರೆಂಟು ತೆಗೆಯಬೇಕು. ಬರೀ ಸ್ವಿಚ್ ಆರಿಸಿದರೆ ಸಾಲದು, ನಿಜವಾಗಲೂ ಕರೆಂಟು ಹೋಗಿದೆಯೇ ಅಂತ ಸ್ಥಳದಲ್ಲೇ ಉಪಕರಣ ಇಟ್ಟು ನೋಡುತ್ತಾರೆ. ತಪ್ಪಿ ಯಾರಾದರೂ ಮತ್ತೆ ಕರೆಂಟು ಹರಿಸಿದರೂ ಅಪಾಯ ಆಗದಂತೆ ಅರ್ಥಿಂಗ್ ಹಾಕುತ್ತಾರೆ. ಇಷ್ಟಾದ ಮೇಲೆ ಕೆಲಸದ ಪರವಾನಗಿಗೆ ಸಹಿ. ಆಮೇಲೆ ತಂಡ ಸಾಮಾನು ಹೊತ್ತುಕೊಂಡು ಸುರಂಗದೊಳಗೆ ನಡೆದು ಹೋಗಬೇಕು. ಕೆಲಸದ ಜಾಗ ನಿಲ್ದಾಣದಿಂದ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಅದೂ ಹೊತ್ತು ತಿನ್ನುವ ಬಾಬತ್ತೇ.

ವಾಪಸ್ ಬರುವಾಗ ಇದೇ ಸರಪಳಿ ಉಲ್ಟಾ. ಒಳಗೆ ಹೋದ ಸ್ಪ್ಯಾನರ್, ಟಾರ್ಚು, ಸುತ್ತಿಗೆ ಎಲ್ಲವನ್ನೂ ಎಣಿಸುತ್ತಾರೆ. ಒಂದು ಕಡಿಮೆ ಬಂದರೂ ಹುಡುಕಿ ಸಿಗುವವರೆಗೆ ಮಾರ್ಗ ತೆರೆಯುವುದು ಕಷ್ಟ, ಯಾಕೆಂದರೆ ಹಳಿ ಮೇಲೆ ಬಿಟ್ಟ ಒಂದು ಸ್ಪ್ಯಾನರ್ ಬೆಳಗಿನ ರೈಲನ್ನು ಅಪಾಯಕ್ಕೆ ಸಿಕ್ಕಿಸಲು ಸಾಕು. ಹಳಿಯುದ್ದಕ್ಕೂ ಕಣ್ಣಾಡಿಸಿ, ಅರ್ಥಿಂಗ್ ತೆಗೆದು, ಕರೆಂಟು ಹರಿಸಿ, ಕೆಲವು ಕಡೆ ಮೊದಲು ಒಂದು ಖಾಲಿ ರೈಲು ಓಡಿಸಿ ನೋಡುತ್ತಾರೆ. ಕೊನೆಗೆ ನಾಲ್ಕರಲ್ಲಿ ಕೈಗೆ ಹತ್ತುವುದು ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ.

ಹಾಗಾದರೆ 48 ಗಂಟೆಯ ಕೆಲಸವನ್ನು 24 ರಾತ್ರಿಗೆ ಹಂಚಿದರಾಯಿತು ಅನ್ನಬಹುದು. ಬೋಲ್ಟು ಬಿಗಿಯುವುದು, ಕೇಬಲ್ ಎಳೆಯುವುದು, ಕಂಬಕ್ಕೆ ಬಣ್ಣ ಹೊಡೆಯುವುದಾದರೆ ಸರಿ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟ್ಸನ್ನು ಅರ್ಧ ಕಿತ್ತು ಬಿಡುವಂತಿಲ್ಲ. ಹಸಿ ಕಾಂಕ್ರೀಟು ಗಟ್ಟಿಯಾಗದೆ ಅದರ ಮೇಲೆ ರೈಲು ಬಿಡುವಂತಿಲ್ಲ. ಇಂಥ ಕೆಲಸಕ್ಕೆ ಎಡೆಬಿಡದ ಹೊತ್ತು ಬೇಕು. ಎಷ್ಟು ಜನ ಹಾಕಿದರೂ ಕಾಂಕ್ರೀಟು ಬೇಗ ಗಟ್ಟಿಯಾಗುವುದಿಲ್ಲ. ಕಿರಿದಾದ ಸುರಂಗದಲ್ಲಿ ಜನ ಹೆಚ್ಚಾದರೆ ಒಬ್ಬರಿಗೊಬ್ಬರು ಅಡ್ಡ, ಅಷ್ಟೇ.

ನ್ಯೂಯಾರ್ಕ್‌ನ ಸಬ್‌ವೇ ದಿನದ 24 ಗಂಟೆಯೂ ಓಡುವುದರಿಂದ ಅಲ್ಲಿ ಈ ನಾಲ್ಕು ಗಂಟೆಯೂ ಇಲ್ಲ. ಅದಕ್ಕೇ 2012ರಲ್ಲಿ ಒಂದೊಂದು ಮಾರ್ಗದ ಒಂದೊಂದು ಭಾಗವನ್ನು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಪೂರ್ತಿ ಮುಚ್ಚಿ ರಿಪೇರಿ ಮಾಡುವ ಕ್ರಮ ಶುರುವಾಯಿತು.

## ಮುಚ್ಚೋದಾ, ಎಳೆಯೋದಾ?

ಹೊತ್ತನ್ನು ಪಡೆಯಲು ಇರುವ ದಾರಿ ಮೂರೇ. ರಾತ್ರಿ ರಾತ್ರಿ ಸ್ವಲ್ಪ ಸ್ವಲ್ಪ ಮಾಡಿ ವರ್ಷಗಟ್ಟಲೆ ಎಳೆಯುವುದು, ವಾರಾಂತ್ಯಗಳಲ್ಲಿ ಮುಚ್ಚುವುದು, ಇಲ್ಲವೇ ವಾರ ತಿಂಗಳುಗಟ್ಟಲೆ ಪೂರ್ತಿ ಮುಚ್ಚುವುದು. ಕೊನೆಯದು ಒಮ್ಮೆಲೇ ಜೋರಾಗಿ ನೋಯಿಸುತ್ತದೆ, ಮೊದಲನೆಯದರ ನೋವು ಸಣ್ಣದು, ಆದರೆ ಮುಗಿಯುವುದೇ ಇಲ್ಲ.

ಲಂಡನ್‌ನಲ್ಲಿ 2022ರ ಜನವರಿ 15ರಿಂದ 17 ವಾರ ನಾರ್ದರ್ನ್ ಲೈನಿನ ಒಂದು ಕವಲನ್ನು ಮೂರ್‌ಗೇಟ್ ಮತ್ತು ಕೆನ್ನಿಂಗ್ಟನ್ ನಡುವೆ ಮುಚ್ಚಿದರು. ಬ್ಯಾಂಕ್ ನಿಲ್ದಾಣದ ಬಳಿ ಕೊರೆದಿದ್ದ ಹೊಸ ಸುರಂಗವನ್ನು ಎರಡೂ ತುದಿಯಲ್ಲಿ ಹಳೆಯ ಮಾರ್ಗಕ್ಕೆ ಸೇರಿಸುವ ಕೆಲಸ ಅದು. ಹಳೆಯ ಸುರಂಗವನ್ನು ಕಡಿದು ಹೊಸದಕ್ಕೆ ಜೋಡಿಸುವುದನ್ನು ಎರಡು ಗಂಟೆಯ ಕಂತುಗಳಲ್ಲಿ ಮಾಡಲು ಬರುವುದಿಲ್ಲ. ಮೇ 16ಕ್ಕೆ ಮಾರ್ಗ ಮತ್ತೆ ತೆರೆಯಿತು.

ನ್ಯೂಯಾರ್ಕ್‌ನ ಎಲ್ ಮಾರ್ಗದ್ದು ಇದಕ್ಕೆ ವಿರುದ್ಧದ ಕಥೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನದಿಯಡಿಯ ಸುರಂಗಕ್ಕೆ ಉಪ್ಪುನೀರು ನುಗ್ಗಿ, ಬದಿಯ ಕಾಂಕ್ರೀಟು ಕಟ್ಟೆಯೊಳಗಿದ್ದ ಕೇಬಲ್‌ಗಳು ಹಾಳಾದವು. ಕಟ್ಟೆ ಒಡೆದು ಮತ್ತೆ ಕಟ್ಟಲು 15 ತಿಂಗಳು ಮುಚ್ಚಬೇಕು, 2019ರ ಏಪ್ರಿಲ್‌ನಿಂದ ಶುರು ಅಂತ ತೀರ್ಮಾನವಾಗಿತ್ತು. ಜನ ಮನೆ ಬದಲಿಸುವ ಮಾತಾಡುತ್ತಿದ್ದರು. ಇನ್ನು ಮೂರು ತಿಂಗಳಿದೆ ಅನ್ನುವಾಗ, ಜನವರಿಯಲ್ಲಿ, ಯೋಜನೆಯೇ ಬದಲಾಯಿತು. ಹೊಸ ಕೇಬಲ್‌ಗಳನ್ನು ಕಟ್ಟೆಯೊಳಗೆ ಹುದುಗಿಸುವ ಬದಲು ಸುರಂಗದ ಗೋಡೆಗೆ ತೂಗುಹಾಕುವುದು ಅಂತಾಯಿತು. ಒಡೆಯುವ ಕೆಲಸವೇ ಕಡಿಮೆಯಾದ್ದರಿಂದ ರಾತ್ರಿ ಮತ್ತು ವಾರಾಂತ್ಯದಲ್ಲಿ ರೈಲು ಕಡಿಮೆ ಮಾಡಿ 2020ರ ಏಪ್ರಿಲ್‌ಗೆ ಮುಗಿಸಿದರು. ಇಲ್ಲಿ ಹೊತ್ತು ಉಳಿಸಿದ್ದು ಕೆಲಸದ ವಿಧಾನ. ಹಾಗಂತ ಎಲ್ಲ ಕಡೆಯೂ ಇಂಥ ಅಡ್ಡದಾರಿ ಸಿಗುತ್ತದೆ ಅನ್ನುವಂತಿಲ್ಲ.

ಒಂದೇ ರಾತ್ರಿಯಲ್ಲಿ ಮುಗಿಸಿದವರೂ ಇದ್ದಾರೆ. 2013ರ ಮಾರ್ಚ್ 15ರ ರಾತ್ರಿ ಟೋಕಿಯೊದ ಶಿಬುಯಾದಲ್ಲಿ ಟೊಯೊಕೊ ಮಾರ್ಗದ ಕೊನೆಯ ರೈಲು ನೆಲದ ಮೇಲೆ ಓಡಿತು, ಮರುದಿನದ ಮೊದಲ ರೈಲು ನೆಲದಡಿ ಹೊರಟಿತು. ನಡುವಿನ ಕೆಲವೇ ಗಂಟೆಗಳಲ್ಲಿ ಸುಮಾರು 1,200 ಕೆಲಸಗಾರರು ಹಳಿಯನ್ನು ಕೆಳಗಿನ ಸುರಂಗಕ್ಕೆ ಜೋಡಿಸಿದ್ದರು. ಇದರ ವಿಡಿಯೊ ನೋಡಿ ‘ಅಲ್ಲಿ ಆಗುತ್ತೆ, ಇಲ್ಲಿ ಯಾಕೆ ಆಗಲ್ಲ’ ಅನ್ನುವವರು ಬಹಳ. ಆದರೆ ಆ ರಾತ್ರಿಗೆ ಮುಂಚೆ ಓಡುವ ಹಳಿಯ ಕೆಳಗೇ ವರ್ಷಗಟ್ಟಲೆ ಸುರಂಗ ತೋಡಿದ್ದರು. ಕೆಳಗಿನ ನಿಲ್ದಾಣ ಇನ್ನೊಂದು ಮಾರ್ಗಕ್ಕೆ 2008ರಲ್ಲೇ ತೆರೆದಿತ್ತು.

ಹೊತ್ತು ಕೊಡದೆ ಮುಂದೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ವಾಷಿಂಗ್ಟನ್ ಮೆಟ್ರೊ ಇದೆ. 2015ರ ಜನವರಿಯಲ್ಲಿ ಸುರಂಗದಲ್ಲಿ ಹೊಗೆ ತುಂಬಿ ಒಬ್ಬ ಪ್ರಯಾಣಿಕರು ತೀರಿಕೊಂಡರು. ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಕೇಬಲ್‌ಗೆ ಬೆಂಕಿ ಹತ್ತಿದಾಗ, ಕೇಬಲ್‌ಗಳನ್ನು ಪರೀಕ್ಷಿಸಲು ಇಡೀ ಮೆಟ್ರೊವನ್ನು 29 ಗಂಟೆ ನಿಲ್ಲಿಸಿದರು. ಆಮೇಲೆ 2016ರ ಜೂನ್‌ನಿಂದ ಸುಮಾರು ಒಂದು ವರ್ಷ ಒಂದೊಂದೇ ಭಾಗ ಮುಚ್ಚಿ ರಿಪೇರಿ. ಆ ಅವಧಿಯಲ್ಲಿ ವಾರಾಂತ್ಯದ ತಡರಾತ್ರಿ ರೈಲುಗಳನ್ನೂ ನಿಲ್ಲಿಸಿ ದಿನವೂ ಮಧ್ಯರಾತ್ರಿಗೆ ಬಾಗಿಲು ಹಾಕಿದರು. ಆ ರೈಲುಗಳು ಬಿಟ್ಟುಕೊಟ್ಟ ಗಂಟೆಗಳು ಹಳಿ ಕೆಲಸಕ್ಕೆ ಹೋದವು.

## ಸಿಗ್ನಲ್: ಕಣ್ಣಿಗೆ ಕಾಣದ ದೊಡ್ಡ ಕೆಲಸ

ಹಳಿ ಕೀಳುವುದು ಕಾಣುತ್ತದೆ, ಸಿಗ್ನಲ್ ಬದಲಿಸುವುದು ಕಾಣುವುದಿಲ್ಲ. ಅದಕ್ಕೇ ‘ಏನೂ ಕೆಲಸ ನಡೀತಿಲ್ಲ, ಸುಮ್ನೆ ಮುಚ್ಚಿದ್ದಾರೆ’ ಅನ್ನುವ ಮಾತು ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಹಳೆಯ ಪದ್ಧತಿಯಲ್ಲಿ ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿರುತ್ತಾರೆ. ಒಂದೊಂದು ತುಂಡಿಗೆ ಬ್ಲಾಕ್ ಅಂತ ಹೆಸರು. ಒಂದು ಬ್ಲಾಕಿನಲ್ಲಿ ರೈಲು ಇದ್ದರೆ ಇನ್ನೊಂದಕ್ಕೆ ಅಲ್ಲಿ ಪ್ರವೇಶವಿಲ್ಲ. ಮುಂದಿನ ರೈಲಿನ ಕೊನೆಯ ಬೋಗಿ ಇನ್ನೇನು ಬ್ಲಾಕ್ ದಾಟುತ್ತಿದ್ದರೂ ಹಿಂದಿನ ರೈಲು ಹೊರಗೇ ನಿಲ್ಲಬೇಕು. ಸುರಕ್ಷಿತ, ಆದರೆ ಜಾಗ ಪೋಲು. ಹೊಸ ಪದ್ಧತಿಯಲ್ಲಿ, ಅದನ್ನು ಸಿಬಿಟಿಸಿ ಅನ್ನುತ್ತಾರೆ, ಪ್ರತಿ ರೈಲೂ ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಅಂತ ರೇಡಿಯೊ ಮೂಲಕ ಸದಾ ತಿಳಿಸುತ್ತಿರುತ್ತದೆ. ಹಿಂದಿನ ರೈಲು ಎಲ್ಲಿಯವರೆಗೆ ಬರಬಹುದು ಅಂತ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಅಂತರ ಕಡಿಮೆಯಾದಂತೆ ಅದೇ ಹಳಿಯಲ್ಲಿ ಗಂಟೆಗೆ ಹೆಚ್ಚು ರೈಲು ಓಡಿಸಬಹುದು. ಹೊಸ ಸುರಂಗ ತೋಡದೆ ಜನದಟ್ಟಣೆ ತಗ್ಗಿಸುವ ದಾರಿ ಇದು.

ತೊಡಕು ಇರುವುದು ಹಳೆಯದರಿಂದ ಹೊಸದಕ್ಕೆ ದಾಟುವಲ್ಲಿ. ಹಗಲಿಡೀ ಹಳೆಯ ಸಿಗ್ನಲ್ ರೈಲು ಓಡಿಸಬೇಕು. ರಾತ್ರಿ ಅದನ್ನು ಬದಿಗಿರಿಸಿ, ಹೊಸದಕ್ಕೆ ಬದಲಿಸಿ, ಪರೀಕ್ಷೆ ಮಾಡಿ, ಬೆಳಗಿನ ಜಾವ ಮತ್ತೆ ಹಳೆಯದಕ್ಕೆ ಮರಳಬೇಕು. ಮರಳುವಾಗ ಎಲ್ಲೋ ಒಂದು ತಂತಿ ಸರಿಯಾಗಿ ಕೂರದಿದ್ದರೂ ಬೆಳಗಿನ ರೈಲುಗಳಿಗೆ ಕೆಂಪು ದೀಪವೇ ಗತಿ. ‘ಸಿಗ್ನಲ್ ದೋಷದಿಂದ ರೈಲು ತಡ’ ಎನ್ನುವ ಬೆಳಗಿನ ಘೋಷಣೆಗೆ ಕೆಲವೊಮ್ಮೆ ಇದೇ ಕಾರಣ. ಜೊತೆಗೆ ಆ ಮಾರ್ಗದ ಪ್ರತಿ ರೈಲಿಗೂ ಹೊಸ ಉಪಕರಣ ಕೂರಿಸಬೇಕು. ಅದಕ್ಕಾಗಿ ರೈಲುಗಳನ್ನು ಒಂದೊಂದಾಗಿ ಸೇವೆಯಿಂದ ತೆಗೆಯುತ್ತಾರೆ, ಅಷ್ಟು ದಿನ ಓಡುವ ರೈಲಿನ ಸಂಖ್ಯೆ ಕಮ್ಮಿ.

ಹಳೆಯದರಲ್ಲೇ ಮುಂದುವರಿಯೋಣ ಅಂದರೆ ಬಿಡಿಭಾಗ ಸಿಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮೆಟ್ರೊ 1998ರಿಂದ ಬಳಸುತ್ತ ಬಂದ ರೈಲು ನಿಯಂತ್ರಣ ವ್ಯವಸ್ಥೆಗೆ ದಿನಾ ಬೆಳಿಗ್ಗೆ ಸಾಫ್ಟ್‌ವೇರ್ ತುಂಬುವುದು ಐದೂಕಾಲು ಇಂಚಿನ ಫ್ಲಾಪಿ ಡಿಸ್ಕಿನಿಂದ. ಈಗಿನ ಮಕ್ಕಳು ಫ್ಲಾಪಿಯನ್ನು ನೋಡೇ ಇರುವುದಿಲ್ಲ.

ಪ್ಯಾರಿಸ್ ಮೆಟ್ರೊದ 1ನೇ ಮಾರ್ಗ 1900ರಷ್ಟು ಹಳೆಯದು. ಅದನ್ನು ಚಾಲಕರಿಲ್ಲದ ಮಾರ್ಗವಾಗಿ ಬದಲಿಸುವಾಗ ದೀರ್ಘಕಾಲ ಮುಚ್ಚಲಿಲ್ಲ. ಪ್ಲಾಟ್‌ಫಾರ್ಮ್ ಬಾಗಿಲುಗಳನ್ನು ಮೊದಲು ಕೂರಿಸಿಕೊಂಡರು. 2011ರಲ್ಲಿ ಮೊದಲ ಚಾಲಕರಹಿತ ರೈಲುಗಳು ಬಂದವು, 2012ರ ಕೊನೆಯವರೆಗೆ ಅವು ಚಾಲಕರಿರುವ ರೈಲುಗಳ ಜೊತೆಯಲ್ಲೇ ಓಡಿದವು. ಮುಚ್ಚದೆ ಮಾಡಿದ್ದಕ್ಕೆ ತೆತ್ತ ಬೆಲೆ ಅಂದರೆ ವರ್ಷಗಟ್ಟಲೆ ರಾತ್ರಿ ಕೆಲಸ.

## ನೆಲ ಅಗೆದರೆ ಏನು ಸಿಗುತ್ತೋ

ರಸ್ತೆಯ ಕೆಳಗೆ ನೀರಿನ ಪೈಪು, ಒಳಚರಂಡಿ, ಗ್ಯಾಸ್, ವಿದ್ಯುತ್, ಟೆಲಿಫೋನ್ ಕೇಬಲ್ ಎಲ್ಲ ಇರುತ್ತವೆ. ಒಂದೊಂದಕ್ಕೂ ಒಂದೊಂದು ಸಂಸ್ಥೆ. ಹಳೆಯ ನಕ್ಷೆಯಲ್ಲಿ ಎಡಗಡೆ ತೋರಿಸಿದ ಪೈಪು ಅಗೆದಾಗ ಬಲಗಡೆ ಸಿಗುವುದು, ನಕ್ಷೆಯಲ್ಲೇ ಇಲ್ಲದ ಕೇಬಲ್ ಎದುರಾಗುವುದು ಮಾಮೂಲಿ. ಅದು ಯಾರದ್ದು ಅಂತ ಪತ್ತೆ ಮಾಡಿ, ಅವರಿಂದ ಅನುಮತಿ ಪಡೆದು, ಸ್ಥಳಾಂತರಿಸುವವರೆಗೆ ಆ ಜಾಗದ ಕೆಲಸ ನಿಂತ ಹಾಗೇ. ರಸ್ತೆ ಅಗೆದು ಬಿಟ್ಟು ಯಾರೂ ಕಾಣುತ್ತಿಲ್ಲ ಅನ್ನಿಸುವ ದಿನಗಳಲ್ಲಿ ಇಂಥದೇನೋ ನಡೆದಿರುವ ಸಾಧ್ಯತೆ ಇದೆ. ಎಡಿನ್‌ಬರದ ಟ್ರಾಮ್ 2011ಕ್ಕೆ ಬರಬೇಕಿತ್ತು, ಬಂದದ್ದು 2014ರ ಮೇ 31ಕ್ಕೆ, ಅದೂ ಮಾರ್ಗವನ್ನು ಮೊಟಕು ಮಾಡಿ. ಗುತ್ತಿಗೆದಾರರ ಜೊತೆಗಿನ ವ್ಯಾಜ್ಯ ಒಂದು ಕಾರಣ, ನೆಲದಡಿಯ ಪೈಪು ಕೇಬಲ್‌ಗಳ ಸ್ಥಳಾಂತರ ಅಂದಾಜು ಮೀರಿದ್ದು ಇನ್ನೊಂದು. ಬಿಟ್ಟಿದ್ದ ನ್ಯೂಹೇವನ್‌ವರೆಗಿನ ಭಾಗ 2023ರಲ್ಲಿ ಸೇರಿಕೊಂಡಿತು.

ಹಳೆಯ ಊರುಗಳಲ್ಲಿ ಇತಿಹಾಸವೂ ಅಡ್ಡ ಬರುತ್ತದೆ. ಗ್ರೀಸಿನ ಥೆಸಲೊನೀಕಿಯಲ್ಲಿ ಮೆಟ್ರೊ ಕೆಲಸ 2006ರಲ್ಲಿ ಶುರುವಾಗಿ, ರೈಲು ಓಡಿದ್ದು 2024ರ ನವೆಂಬರ್ 30ರಂದು. ವೆನಿಝೆಲೊ ನಿಲ್ದಾಣಕ್ಕೆ ಅಗೆದಾಗ ಪ್ರಾಚೀನ ಪೇಟೆಬೀದಿಯೇ ಸಿಕ್ಕಿತು. ಅದನ್ನು ಅಲ್ಲೇ ಉಳಿಸಬೇಕೋ, ಎತ್ತಿ ತೆಗೆದು ನಿಲ್ದಾಣ ಕಟ್ಟಿದ ಮೇಲೆ ವಾಪಸ್ ಇಡಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಎತ್ತಿ, ವಾಪಸ್ ಇಟ್ಟರು.

## ಬದಲಿ ಬಸ್ ಯಾಕೆ ಎಂದೂ ಸಾಲುವುದಿಲ್ಲ

ಇದು ಬರೀ ಲೆಕ್ಕ. ಒಂದು ಮೆಟ್ರೊ ರೈಲಿನಲ್ಲಿ 1,000 ಜನ, ಮೂರು ನಿಮಿಷಕ್ಕೊಂದು ರೈಲು ಅಂತಿಟ್ಟುಕೊಂಡರೆ ಗಂಟೆಗೆ 20 ರೈಲು, ಒಂದೇ ದಿಕ್ಕಿನಲ್ಲಿ 20,000 ಜನ. ಬಸ್ಸಿಗೆ 65 ಜನರಂತೆ ಅಷ್ಟೂ ಜನರನ್ನು ಒಯ್ಯಲು ಗಂಟೆಗೆ 300ಕ್ಕೂ ಹೆಚ್ಚು ಬಸ್ ಬೇಕು. ಅಂದರೆ 12 ಸೆಕೆಂಡಿಗೊಂದು. 12 ಸೆಕೆಂಡಿನಲ್ಲಿ ಬಸ್ಸಿನ ಬಾಗಿಲು ತೆರೆದು ಮುಚ್ಚುವುದೇ ಕಷ್ಟ, 65 ಜನ ಹತ್ತುವುದು ದೂರದ ಮಾತು. ಅಷ್ಟು ಬಸ್ಸು, ಚಾಲಕರು ಎಲ್ಲಿದ್ದಾರೆ ಅನ್ನುವುದು ಆಮೇಲಿನ ಪ್ರಶ್ನೆ. ಹಾಗಾಗಿ ಬದಲಿ ಬಸ್ಸಿನ ಯೋಜನೆ ಮಾಡುವವರು ಒಂದು ಪಾಲು ಜನ ಬೇರೆ ಮಾರ್ಗ ಹಿಡಿಯುತ್ತಾರೆ, ಮನೆಯಿಂದಲೇ ಕೆಲಸ ಮಾಡುತ್ತಾರೆ ಅಂತಲೇ ಲೆಕ್ಕ ಹಾಕಿರುತ್ತಾರೆ.

ರಸ್ತೆ ಅಗೆದಲ್ಲಿ ಮಾಮೂಲಿ ಬಸ್ಸುಗಳೂ ಕೆಡುತ್ತವೆ. ಒಂದು ಬಸ್ ಐದು ನಿಮಿಷ ತಡವಾದರೆ ಮುಂದಿನ ನಿಲ್ದಾಣದಲ್ಲಿ ಜಾಸ್ತಿ ಜನ ಕಾಯುತ್ತಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನವೇ ಇರುವುದಿಲ್ಲ, ಅದು ಬೇಗ ಬೇಗ ಬಂದು ಮೊದಲಿನದರ ಬೆನ್ನಿಗೇ ಅಂಟುತ್ತದೆ. ಅರ್ಧ ಗಂಟೆ ಕಾಯಿಸಿ ಮೂರು ಬಸ್ ಒಟ್ಟಿಗೇ ಬರುತ್ತವಲ್ಲ, ಅದರ ಗುಟ್ಟು ಇದೇ. ಚಾಲಕರ ಮೇಲೆ ರೇಗಿ ಪ್ರಯೋಜನವಿಲ್ಲ.

ವಿದ್ಯುತ್ ಬಸ್ಸಿಗೆ ಬದಲಾಗುವಾಗಿನ ತೊಡಕು ಡಿಪೋದೊಳಗಿನದು. ಡೀಸೆಲ್ ತುಂಬಲು ಕೆಲವು ನಿಮಿಷ, ಬ್ಯಾಟರಿ ತುಂಬಲು ಗಂಟೆಗಳು. ನೂರಾರು ಬಸ್ ಒಂದೇ ರಾತ್ರಿ ಚಾರ್ಜ್ ಆಗಬೇಕಾದರೆ ಡಿಪೋಗೆ ದೊಡ್ಡ ವಿದ್ಯುತ್ ಸಂಪರ್ಕ, ಟ್ರಾನ್ಸ್‌ಫಾರ್ಮರ್ ಬೇಕು. ಚಾರ್ಜರ್‌ಗಳು ಜಾಗ ತಿನ್ನುತ್ತವೆ. ಇವಕ್ಕಾಗಿ ಡಿಪೋವನ್ನು ಅಗೆಯುವಾಗ ಅಲ್ಲಿನ ಬಸ್‌ಗಳು ಬೇರೆ ಡಿಪೋಗೆ ಹೋಗಿ, ಅಲ್ಲಿಂದ ಖಾಲಿ ಓಡಿ ಬಂದು ಮೊದಲ ಟ್ರಿಪ್ ಶುರು ಮಾಡಬೇಕು.

## ಕಟ್ಟಿ ಮುಗಿದರೂ ಯಾಕೆ ತೆರೆಯುವುದಿಲ್ಲ?

ಲಂಡನ್‌ನ ಎಲಿಜಬೆತ್ ಲೈನ್ 2018ರ ಡಿಸೆಂಬರ್‌ನಲ್ಲಿ ತೆರೆಯಬೇಕಿತ್ತು. ಆಗಲ್ಲ ಅಂತ ಹೇಳಿದ್ದು ಅದೇ ಆಗಸ್ಟ್ 31ಕ್ಕೆ. ತೆರೆದದ್ದು 2022ರ ಮೇ 24ಕ್ಕೆ. ಸುರಂಗ ಕೊರೆದು ಮುಗಿದು ವರ್ಷಗಳೇ ಆಗಿದ್ದವು. ತಡಕ್ಕೆ ಒಂದು ದೊಡ್ಡ ಕಾರಣ ಸಾಫ್ಟ್‌ವೇರ್: ಒಂದೇ ರೈಲು ಪೂರ್ವ, ಪಶ್ಚಿಮ ಮತ್ತು ನಡುವಿನ ಸುರಂಗದಲ್ಲಿ ಮೂರು ಬೇರೆ ಬೇರೆ ಸಿಗ್ನಲ್ ವ್ಯವಸ್ಥೆಗಳಲ್ಲಿ, ಓಡುತ್ತಲೇ ಒಂದರಿಂದ ಇನ್ನೊಂದಕ್ಕೆ ಹೊರಳುತ್ತ ಸಾಗಬೇಕಿತ್ತು. ನಿಲ್ದಾಣಗಳ ಕೆಲಸವೂ ಬಾಕಿಯಿತ್ತು.

ಪರೀಕ್ಷೆ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಒಂದೊಂದು ಉಪಕರಣ, ಆಮೇಲೆ ಎಲ್ಲ ಒಟ್ಟಿಗೆ, ಆಮೇಲೆ ವೇಳಾಪಟ್ಟಿಯಂತೆ ಖಾಲಿ ರೈಲುಗಳ ಓಡಾಟ, ಕೊನೆಗೆ ಬೇಕೆಂದೇ ತೊಂದರೆ ಹುಟ್ಟಿಸಿ ನೋಡುವುದು: ಸುರಂಗದಲ್ಲಿ ರೈಲು ಕೆಟ್ಟರೆ ಜನರನ್ನು ಹೇಗೆ ಇಳಿಸುವುದು, ಹೊಗೆ ಬಂದರೆ ಫ್ಯಾನ್ ಯಾವ ದಿಕ್ಕಿಗೆ ಊದಬೇಕು. ಕಟ್ಟುವ ಕೆಲಸ ತಡವಾದಾಗಲೆಲ್ಲ ಈ ಹಂತವನ್ನು ಕತ್ತರಿಸಿ ದಿನಾಂಕ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಕತ್ತರಿಸಿದ್ದು ಆಮೇಲೆ ಪ್ರಯಾಣಿಕರ ಮುಂದೆ ಬಂದು ನಿಲ್ಲುತ್ತದೆ.

## ತೆರೆದ ಮೇಲೂ ನಿಧಾನ

ಬಾಸ್ಟನ್‌ನ ಆರೆಂಜ್ ಲೈನನ್ನು 2022ರ ಆಗಸ್ಟ್ 19ರಿಂದ 30 ದಿನ ಪೂರ್ತಿ ಮುಚ್ಚಿದ್ದರು. ತೆರೆದ ಮೇಲೆ ರೈಲು ಹಾರಿಕೊಂಡು ಹೋಗುತ್ತದೆ ಅಂದುಕೊಂಡವರಿಗೆ ನಿರಾಸೆ, ಹಲವೆಡೆ ನಿಧಾನವಾಗಿಯೇ ಓಡಬೇಕೆಂಬ ವೇಗದ ಮಿತಿ ಹಾಗೇ ಇತ್ತು. ಹೊಸ ಜಲ್ಲಿ ಹಾಕಿ ಹಳಿ ಕೂರಿಸಿದ ಕಡೆ ಅದು ರೈಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುವವರೆಗೆ ವೇಗ ಇಳಿಸುವುದು ರೈಲ್ವೆಯ ಸಾಮಾನ್ಯ ನಿಯಮ. ಬಾಸ್ಟನ್‌ನಲ್ಲಿ ಮಾತ್ರ ಸಮಸ್ಯೆ ಅದಕ್ಕಿಂತ ಆಳವಾಗಿತ್ತು, ಇತರ ಮಾರ್ಗಗಳಿಗೂ ಹಬ್ಬಿತ್ತು. ಮತ್ತೆ ಸರದಿಯಂತೆ ಮುಚ್ಚಿ ರಿಪೇರಿ ಮಾಡಿ, 2024ರ ಡಿಸೆಂಬರ್ ಹೊತ್ತಿಗೆ ನಿಧಾನದ ಮಿತಿಗಳನ್ನೆಲ್ಲ ತೆಗೆದರು.

## ಪ್ರಕಟಣೆ ಓದುವಾಗ

ಮೊದಲು ನೋಡಬೇಕಾದ್ದು ಯಾವ ಕೆಲಸ ಅನ್ನುವುದು. ‘ಹಳಿ ಬದಲಾವಣೆ’ ಅಂತಿದ್ದರೆ ದಿನಾಂಕವನ್ನು ಹೆಚ್ಚುಕಮ್ಮಿ ನಂಬಬಹುದು, ಅದು ಅಳತೆಗೆ ಸಿಗುವ ಕೆಲಸ. ‘ಸಿಗ್ನಲ್’ ಅಥವಾ ‘ವ್ಯವಸ್ಥೆಗಳ ಪರೀಕ್ಷೆ’ ಅಂತಿದ್ದರೆ ದಿನಾಂಕದ ಜೊತೆ ಒಂದಿಷ್ಟು ಸಡಿಲ ಇಟ್ಟುಕೊಳ್ಳಿ. ಸಿಡ್ನಿಯಲ್ಲಿ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದ ಬ್ಯಾಂಕ್ಸ್‌ಟೌನ್ ಮಾರ್ಗ ಸುಮಾರು ಒಂದು ವರ್ಷದಲ್ಲಿ ಮೆಟ್ರೊ ಆಗಬೇಕಿತ್ತು, ಆಮೇಲೆ ಗುರಿ 2026ಕ್ಕೆ ಜಾರಿತು.

‘ಮೊದಲ ರೈಲು’ ಮತ್ತು ‘ಪೂರ್ಣ ಸೇವೆ’ ಬೇರೆ ಬೇರೆ ದಿನಾಂಕಗಳು. ಪ್ರಕಟಣೆಯಲ್ಲಿ ಯಾವುದು ಬರೆದಿದೆ ನೋಡಿಕೊಳ್ಳಿ. ವಾರಾಂತ್ಯದ ಕೆಲಸವಾದರೆ ಹೆಚ್ಚು ಅಪಾಯದ ಹೊತ್ತು ಸೋಮವಾರ ಬೆಳಿಗ್ಗೆ. ಭಾನುವಾರ ರಾತ್ರಿ ಮುಗಿಯಬೇಕಾದ್ದು ಒಂದು ಗಂಟೆ ಜಾರಿದರೂ ಪೆಟ್ಟು ಬೀಳುವುದು ವಾರದ ಮೊದಲ ಟ್ರಿಪ್‌ಗಳಿಗೆ. ಆ ದಿನ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಆ ಮಾರ್ಗದ ಮೊದಲ ರೈಲನ್ನು ನೆಚ್ಚಿಕೊಳ್ಳಬೇಡಿ.